ನನ್ನ ಕೈ ಹಿಡಿದವರಿಗೆ

ಈ ಸಲದ ಶಾಲಾ ಪ್ರವಾಸದಲ್ಲಿ ಮಕ್ಕಳ ಜೊತೆ ಚಿತ್ರದುರ್ಗದ ಕೋಟೆ ಹತ್ತಿ ಇಳಿದೆ. ಮೂತ್ರ ಸೋರುವ ಭಯಕ್ಕೆ ಹಾಕುತ್ತಿದ್ದ ಪ್ಯಾಡ್ ಇರಲಿಲ್ಲ, ಬ್ಯಾಗಿನಲ್ಲಿ ಬದಲಿ ಬಟ್ಟೆಯೂ ಇರಲಿಲ್ಲ. ಎರಡನೇ ಹೆರಿಗೆ ಆದಮೇಲೆ ಇಂಥ ದಿನ ಬಂದದ್ದು ಇದೇ ಮೊದಲು. ಇದಕ್ಕೆ ಕಾರಣರಾದವರಿಗೆ ಎಲ್ಲರ ಎದುರೇ ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಮೊದಲು ನಮ್ಮೂರಿನ ಆಶಾ ಕಾರ್ಯಕರ್ತೆಗೆ. ಮಗುವಿನ ಲಸಿಕೆ ಕಾರ್ಡ್ ನೋಡಲು ಬಂದವಳು, "ಅಕ್ಕ, ಕೆಮ್ಮಿದಾಗ, ಸೀನಿದಾಗ ಒಂದಕ್ಕೆ ಸೋರುತ್ತಾ?" ಅಂತ ನೇರವಾಗಿ ಕೇಳಿದಳು. ಸೋರುತ್ತಿತ್ತು. ಸಂಜೆ ಆದರೆ ಕೆಳಗೆ ಏನೋ ಜಗ್ಗಿದ ಹಾಗೆ ಭಾರ ಬೇರೆ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಅಂತ ಉಳಿದವರು ಹೇಳುತ್ತಿದ್ದರು. ಇದಕ್ಕೆ ಚಿಕಿತ್ಸೆ ಇದೆ ಅಂದವಳು ಅವಳೊಬ್ಬಳೇ.

ಡಾಕ್ಟರಮ್ಮ ಪರೀಕ್ಷೆ ಮಾಡಿ, ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಗರ್ಭಕೋಶ, ಮೂತ್ರಕೋಶ, ಮಲದ ದಾರಿ ಎಲ್ಲವನ್ನೂ ಅಡಿಯಿಂದ ಹೊತ್ತಿರುವ ಸ್ನಾಯುಗಳಿವೆ. ಹೆರಿಗೆಯಲ್ಲಿ ಅವು ಹಿಗ್ಗಿ ಸಡಿಲವಾಗಿವೆ, ಗರ್ಭಕೋಶ ಸ್ವಲ್ಪ ಜಾರಿದೆ ಅಂದರು. ಇಷ್ಟಕ್ಕೆಲ್ಲ ಆಪರೇಷನ್ ಬೇಡ ಅಂತ ಫಿಸಿಯೋಥೆರಪಿಗೆ ಕಳಿಸಿದರು.

ಆ ಫಿಸಿಯೋ ಮೇಡಂ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಈ ಸಡಿಲವಾದ ಸ್ನಾಯುಗಳನ್ನು ಗಟ್ಟಿ ಮಾಡುವ ಕೆಗೆಲ್ ವ್ಯಾಯಾಮದ ಹೆಸರು ನೀವು ಕೇಳಿರಬಹುದು. 1948ರಲ್ಲಿ ಅಮೆರಿಕದ ಡಾಕ್ಟರ್ ಆರ್ನಾಲ್ಡ್ ಕೆಗೆಲ್ ಇದರ ಬಗ್ಗೆ ಬರೆದರು, ಅದಕ್ಕೇ ಆ ಹೆಸರು. ಆದರೆ ಸರಿಯಾದ ಸ್ನಾಯು ಸಿಗುವುದೇ ಕಷ್ಟ. ಎಷ್ಟೋ ಜನ ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಾರಂತೆ. ಮೇಡಂ ನನ್ನನ್ನು ಮಂಡಿ ಮಡಚಿ ಮಲಗಿಸಿ, ನನ್ನ ಕೈಯನ್ನೇ ನನ್ನ ಹೊಟ್ಟೆಯ ಮೇಲೆ ಇಡಿಸಿದರು. "ನಾಲ್ಕು ಜನರ ಮಧ್ಯೆ ಗಾಳಿ ಹೋಗದ ಹಾಗೆ ತಡೀತೀವಲ್ಲ, ಹಾಗೆ ಹಿಂದಿನಿಂದ ಬಿಗಿ ಹಿಡೀರಿ. ಮುಂದೆ ಒಂದಕ್ಕೆ ತಡೆಯೋ ಹಾಗೆ. ಎರಡನ್ನೂ ಒಳಕ್ಕೆ, ಮೇಲಕ್ಕೆ ಎಳೀರಿ" ಅಂದರು. ಕೈ ಕೆಳಗಿನ ಹೊಟ್ಟೆ ಗಟ್ಟಿಯಾದ ಕೂಡಲೇ ನಿಲ್ಲಿಸುತ್ತಿದ್ದರು. ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಿಟ್ಟಾಗ ಪೂರ್ತಿ ಸಡಿಲ ಆಗಲೇಬೇಕು. ಒಂದು ಹೊತ್ತಿಗೆ 8 ಸಲ, ದಿನಕ್ಕೆ 3 ಹೊತ್ತು, ಕಡಿಮೆ ಅಂದರೂ 3 ತಿಂಗಳು. ಕೆಮ್ಮು ಬರುವ ಮುಂಚೆ, ಭಾರ ಎತ್ತುವ ಮುಂಚೆ ಒಮ್ಮೆ ಬಿಗಿ ಹಿಡಿಯುವುದನ್ನೂ ಕಲಿಸಿದರು. ನನಗೆ ಬೇಗ ಗುಣ ಕಂಡದ್ದು ಅದರಿಂದಲೇ. ಕೆಲವರಿಗೆ ಈ ಸ್ನಾಯು ಮೊದಲೇ ಜಾಸ್ತಿ ಬಿಗಿ ಇದ್ದು ನೋವಿರುತ್ತದೆ, ಅವರಿಗೆ ಈ ವ್ಯಾಯಾಮ ಸರಿ ಹೋಗುವುದಿಲ್ಲ. ಹಾಗಾಗಿ ಒಮ್ಮೆ ತೋರಿಸಿಕೊಂಡೇ ಶುರು ಮಾಡಿ.

ನಮ್ಮ ಹೆಡ್‌ಮೇಡಂಗೂ ದೊಡ್ಡ ನಮಸ್ಕಾರ. ಶಿಕ್ಷಕಿಯರು ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೇ ಇರುವುದು ಎಲ್ಲ ಕಡೆ ಇದ್ದದ್ದೇ, ಅಲ್ವಾ? ನೀರು ಕಮ್ಮಿಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಇನ್ನೂ ಕೆರಳುತ್ತದೆ, ಮಲಬದ್ಧತೆಯೂ ಆಗುತ್ತದೆ. ತಿಣುಕಿದಷ್ಟೂ ಕೆಳಗೆ ಒತ್ತಡ. ಮೇಡಂ ಇದನ್ನೆಲ್ಲ ಕೇಳಿಸಿಕೊಂಡು ಶೌಚಾಲಯದ ಬಾಗಿಲಿಗೆ ಹೊಸ ಚಿಲಕ ಹಾಕಿಸಿದರು, ನಲ್ಲಿ ರಿಪೇರಿ ಮಾಡಿಸಿದರು. ಈಗ ದೊಡ್ಡ ಹುಡುಗಿಯರೂ ಧೈರ್ಯವಾಗಿ ಹೋಗಿ ಬರುತ್ತಾರೆ.

ನಮ್ಮ ಮನೆಯವರು ಕಾರಣ ಕೇಳದೆ ನೀರಿನ ಬಿಂದಿಗೆ, ಸಿಲಿಂಡರ್, ಅಕ್ಕಿ ಮೂಟೆ ಎಲ್ಲ ತಮ್ಮ ಪಾಲಿಗೆ ತೆಗೆದುಕೊಂಡರು. ಇವತ್ತಿಗೂ ಬಿಟ್ಟಿಲ್ಲ.

ಇನ್ನು ನಮ್ಮ ಚಿಕ್ಕಮ್ಮ. ಅವರಿಗೆ ಗರ್ಭಕೋಶ ನನಗಿಂತ ತುಂಬಾ ಕೆಳಗೆ ಬಂದಿದೆ, ಅದನ್ನು ಮೇಲೆ ಹಿಡಿದಿಡಲು ಒಳಗೆ ಸಿಲಿಕೋನ್ ರಿಂಗ್ ಹಾಕಿಸಿಕೊಂಡಿದ್ದಾರೆ. ಆಗಾಗ ಆಸ್ಪತ್ರೆಗೆ ಹೋಗಿ ತೆಗೆಸಿ, ತೊಳೆಸಿ, ಮತ್ತೆ ಹಾಕಿಸಿಕೊಂಡು ಬರುತ್ತಾರೆ. ಈ ವಿಷಯ ಅವರು ಮಗಳಿಗೂ ಹೇಳಿರಲಿಲ್ಲ. ನಾನು ಹೆದರಿ ಕೂತಿದ್ದು ನೋಡಿ ನನಗೆ ಹೇಳಿದರು. ಇಲ್ಲಿ ಬರೆಯಲಾ ಚಿಕ್ಕಮ್ಮ ಅಂತ ಕೇಳಿದ್ದಕ್ಕೆ, "ಬರಿ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ" ಅಂದರು. ಅವರ ಋಣ ನನ್ನ ಮೇಲೆ ದೊಡ್ಡದಿದೆ.

ಇದನ್ನು ಓದಿ ಏನಾದರೂ ಕೇಳಬೇಕು ಅನ್ನಿಸಿದರೆ ಸಂಕೋಚ ಬೇಡ, ಕೇಳಿ. ಆದರೆ ಕೆಳಗೆ ಗಂಟಿನ ಹಾಗೆ ಏನಾದರೂ ಹೊರಗೆ ಬಂದಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಒಂದಕ್ಕೆ ಕಟ್ಟಿಕೊಂಡರೆ ನನ್ನ ಉತ್ತರಕ್ಕೆ ಕಾಯಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ.