ಕರಿಜಿನಿಯ ಮೆಟ್ಟಿಲ ಮೇಲೆ ಸಿಕ್ಕ ಹಿರಿಯರಿಗೆ

ಪಶ್ಚಿಮ ಆಸ್ಟ್ರೇಲಿಯಾದ ಕರಿಜಿನಿ ರಾಷ್ಟ್ರೀಯ ಉದ್ಯಾನ. ಡೇಲ್ಸ್ ಕಮರಿಯೊಳಗೆ ಫೋರ್ಟೆಸ್ಕ್ಯೂ ಜಲಪಾತ, ಫರ್ನ್ ಪೂಲ್ ನೋಡಿ ವಾಪಸ್ ಹತ್ತುವಾಗ ಅಮ್ಮನ ಮಂಡಿ ಹಿಡಿದುಕೊಂಡಿತು. ಕಡಿದಾದ ಕಬ್ಬಿಣದ ಮೆಟ್ಟಿಲು, ಸುತ್ತ ಕಾದ ಕೆಂಪು ಬಂಡೆ. ಫೋನಿಗೆ ಸಿಗ್ನಲ್ ಇಲ್ಲ. ಟಾಮ್ ಪ್ರೈಸ್ ಊರು ಸೇರಲು ಕಾರಿನಲ್ಲೇ ಗಂಟೆ ಬೇಕು. ನನಗೆ ಕೈಕಾಲೇ ಆಡಲಿಲ್ಲ.

ಹಿಂದೆ ಬರುತ್ತಿದ್ದ ನೀವು ಜಾಸ್ತಿ ಏನೂ ಕೇಳಲಿಲ್ಲ. ನಿಮ್ಮ ವಾಕಿಂಗ್ ಸ್ಟಿಕ್ಕನ್ನು ಅಮ್ಮನ ಎತ್ತರಕ್ಕೆ ಗಿಡ್ಡ ಮಾಡಿ ಕೊಟ್ಟಿರಿ. ಟವಲ್ ಒದ್ದೆ ಮಾಡಿ ಕತ್ತಿಗೆ ಹಾಕಿದಿರಿ. ಅಲ್ಲಲ್ಲಿ ಕೂತು, ಸುಸ್ತಾಗಿದ್ದು ನಿಮಗೇ ಅನ್ನೋ ಹಾಗೆ ಉಸಿರು ಬಿಟ್ಟಿರಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ, ನಿಮಗೆ ಕನ್ನಡ ಎಲ್ಲಿಂದ ಬರಬೇಕು? ಆದರೂ ಇಬ್ಬರೂ ನಗುತ್ತಲೇ ಹತ್ತಿದಿರಿ!

ಮೇಲೆ ಬಂದ ಮೇಲೆ ನನಗೆ ಜೀವ ಬಂತು. ಮಂಡಿಗೆ ಒತ್ತಿಕೊಳ್ಳಲು ಐಸ್ ಕೊಟ್ಟು ಹೊರಟೇ ಬಿಟ್ಟಿರಿ. ಹೆಸರು ಕೇಳಲೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್, ಅಮ್ಮನ ಕಡೆಯಿಂದಲೂ.