ಮಗುವಿನ ಸಾವಿರ ಡಾಲರ್: ಚೌಕಕ್ಕೆ ಗುರುತು ಹಾಕದಿದ್ದರೆ ಬರುವುದಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಸರ್ಕಾರ ಸಾವಿರ ಡಾಲರ್ ಕೊಡುತ್ತದೆ ಎಂಬ ಸುದ್ದಿ ಅಲ್ಲಿರುವ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳನ್ನು ದಾಟಿ ಊರಿನ ಅಜ್ಜ ಅಜ್ಜಿಯರ ಕಿವಿಗೂ ಬಿದ್ದಿದೆ. ಸುದ್ದಿ ನಿಜ, ಆದರೆ ಅರ್ಧ ಮಾತ್ರ. ಮಗು ಹುಟ್ಟಿದ ಮಾತ್ರಕ್ಕೆ ಹಣ ತಾನಾಗಿ ಬಂದು ಬೀಳುವುದಿಲ್ಲ. ತಂದೆಯೋ ತಾಯಿಯೋ ಒಂದು ತೆರಿಗೆ ಫಾರ್ಮ್ ತುಂಬಿ ಕೇಳಬೇಕು, ಅದರಲ್ಲೂ ಸರಿಯಾದ ಜಾಗದಲ್ಲಿ ಕೇಳಬೇಕು. ಉಳಿದ ಅರ್ಧವನ್ನು ನಿಮ್ಮ ಓದುಗರಿಗೆ ತಲುಪಿಸುವುದಕ್ಕಾಗಿಯೇ ಈ ಪತ್ರ.

2025ರ ಜುಲೈ 4ರಂದು ಸಹಿಯಾದ ದೊಡ್ಡ ತೆರಿಗೆ ಕಾನೂನಿನಲ್ಲಿ ಮಕ್ಕಳ ಹೆಸರಿನ ಒಂದು ಹೊಸ ಹೂಡಿಕೆ ಖಾತೆ ಹುಟ್ಟಿಕೊಂಡಿತು. ಹೆಸರು ಟ್ರಂಪ್ ಅಕೌಂಟ್. ಅದನ್ನು ತೆರೆಯಲು ಕೇಳಿಕೊಳ್ಳುವ ಫಾರ್ಮ್‌ನ ಸಂಖ್ಯೆ 4547. ವಾರ್ಷಿಕ ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 1040ರ ಜೊತೆ ಸೇರಿಸಿ ಕಳಿಸಬಹುದು, ಇಲ್ಲವೇ ಟ್ರಂಪ್‌ಅಕೌಂಟ್ಸ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ತುಂಬಬಹುದು. ಒಂದು ಫಾರ್ಮ್‌ನಲ್ಲಿ ಇಬ್ಬರು ಮಕ್ಕಳಿಗೆ ಜಾಗವಿದೆ. ಮೂರನೆಯ ಮಗುವಿದ್ದರೆ ಇನ್ನೊಂದು ಫಾರ್ಮ್ ಬೇಕು.

ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಇಲ್ಲಿ: ಖಾತೆ ತೆರೆಯುವುದೇ ಬೇರೆ, ಸಾವಿರ ಡಾಲರ್ ಕೇಳುವುದೇ ಬೇರೆ. ಎಸ್‌ಎಸ್‌ಎನ್, ಅಂದರೆ ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವ, ಆ ವರ್ಷದ ಕೊನೆಗೆ 18 ತುಂಬದ ಯಾವ ಮಗುವಿಗೂ ಖಾತೆ ತೆರೆಯಬಹುದು. ಸರ್ಕಾರದ ಸಾವಿರ ಡಾಲರ್ ಮಾತ್ರ 2025ರ ಜನವರಿ 1ರಿಂದ 2028ರ ಡಿಸೆಂಬರ್ 31ರ ಒಳಗೆ ಹುಟ್ಟಿದ, ಅಮೆರಿಕದ ಪ್ರಜೆಯಾದ ಮಗುವಿಗೆ. ಅದನ್ನು ಕೇಳಲು ಫಾರ್ಮ್‌ನಲ್ಲಿ ಪ್ರತ್ಯೇಕ ಚೌಕವಿದೆ. ಮಗುವಿನ ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎನ್ ಎಲ್ಲವನ್ನೂ ಸರಿಯಾಗಿ ಬರೆದು ಆ ಚೌಕವನ್ನು ಖಾಲಿ ಬಿಟ್ಟರೆ ನೀವು ಕೇಳಿದ್ದು ಬರಿಯ ಖಾತೆಯನ್ನು ಅಷ್ಟೇ. ತೆರಿಗೆ ಸಾಫ್ಟ್‌ವೇರ್ ಬಳಸುವವರು, ರಿಟರ್ನ್ ತಯಾರಕರ ಕೈಗೆ ಕಾಗದ ಕೊಟ್ಟು ಸಹಿ ಹಾಕಿ ಬರುವವರು, ಇಬ್ಬರೂ ಕಳಿಸುವ ಮುನ್ನ ಪೂರ್ತಿ ಪಿಡಿಎಫ್ ತೆರೆದು ನೋಡಬೇಕು: 4547 ಒಳಗಿದೆಯೇ, ಆ ಚೌಕಕ್ಕೆ ಗುರುತು ಬಿದ್ದಿದೆಯೇ? 1040ರಲ್ಲಿ ಮಗುವನ್ನು ಅವಲಂಬಿತ ಎಂದು ತೋರಿಸಿದ್ದೇವೆ, ಮಕ್ಕಳಿರುವವರಿಗೆ ಸಿಗುವ ತೆರಿಗೆ ರಿಯಾಯಿತಿಯಾದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಬಂದಿದೆ, ಹಾಗಾಗಿ ಇದೂ ಬರುತ್ತದೆ ಎಂದುಕೊಳ್ಳುವುದು ತಪ್ಪು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ತಂದೆ ತಾಯಿ ಎಚ್-1ಬಿ (ಉದ್ಯೋಗ), ಎಚ್-4 (ಅವರ ಕುಟುಂಬದವರ) ವೀಸಾದಲ್ಲಿರುವವರು ತಮಗೆ ಇದು ಅನ್ವಯಿಸದು ಎಂದು ಸುಮ್ಮನಿರುವುದುಂಟು. ಕಾನೂನು ನೋಡುವುದು ಮಗುವಿನ ಪೌರತ್ವವನ್ನು, ಮಗುವಿನ ಎಸ್‌ಎಸ್‌ಎನ್ ಅನ್ನು. ತಂದೆ ತಾಯಿ ಪ್ರಜೆಗಳಾಗಿರಬೇಕೆಂಬ ಷರತ್ತಿಲ್ಲ. ಒಂದೇ ಮನೆಯ ಇಬ್ಬರು ಮಕ್ಕಳ ಸ್ಥಿತಿ ಬೇರೆ ಬೇರೆಯಾಗಬಹುದು ಎಂಬುದನ್ನು ಮಾತ್ರ ಗಮನಿಸಬೇಕು. ಬೆಂಗಳೂರಿನಲ್ಲಿ ಹುಟ್ಟಿ ಎಚ್-4ರಲ್ಲಿ ಬಂದ ದೊಡ್ಡ ಮಗುವಿಗೆ ಇರುವುದು ಐಟಿಐಎನ್, ಅಂದರೆ ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ. ಅದಕ್ಕೆ ಖಾತೆಯೂ ಇಲ್ಲ. ಗ್ರೀನ್ ಕಾರ್ಡ್ ಸಿಕ್ಕಿ ಎಸ್‌ಎಸ್‌ಎನ್ ಬಂದ ಮೇಲೆ ಖಾತೆ ತೆರೆಯಬಹುದು, ಆದರೆ ಪ್ರಜೆಯಲ್ಲದ್ದರಿಂದ ಸಾವಿರ ಡಾಲರ್ ಇಲ್ಲ. 2019ರಲ್ಲಿ ನ್ಯೂಜೆರ್ಸಿಯಲ್ಲೇ ಹುಟ್ಟಿದ ಮಗುವಿಗೆ ಖಾತೆ ಉಂಟು, ಸಾವಿರ ಇಲ್ಲ. 2026ರಲ್ಲಿ ಹುಟ್ಟಿದ ತಮ್ಮನಿಗೆ ಎರಡೂ ಉಂಟು.

ಇನ್ನು ಹೆಸರಿನ ವಿಷಯ. ನಮ್ಮವರ ಅರ್ಜಿಗಳು ತೊಡಕಿಗೆ ಸಿಗುವುದು ಹೆಚ್ಚಾಗಿ ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಅಮೆರಿಕದ ಆಸ್ಪತ್ರೆಗಳಲ್ಲಿ ಜನನ ಪ್ರಮಾಣಪತ್ರದ ಕಾಗದ ತುಂಬುವಾಗಲೇ ಮಗುವಿಗೆ ಎಸ್‌ಎಸ್‌ಎನ್ ಬೇಕೇ ಎಂದು ಕೇಳುತ್ತಾರೆ. ಬೇಕು ಎಂದರೆ ಕಾರ್ಡ್ ಕೆಲವು ವಾರಗಳಲ್ಲಿ ಅಂಚೆಯಲ್ಲಿ ಬರುತ್ತದೆ. ಆದರೆ ಹೆಸರು ಆಗಲೇ ಹೇಳಬೇಕು. ನಮ್ಮಲ್ಲಿ ನಾಮಕರಣ ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಕೆಲವು ಮನೆಗಳಲ್ಲಿ ಊರಿನಿಂದ ಹಿರಿಯರು ಬಂದ ಮೇಲೆ. ನಕ್ಷತ್ರ ನೋಡಿ ಅಕ್ಷರ ಬರಬೇಕು ಎಂದು ಹೆಸರಿನ ಜಾಗ ಖಾಲಿ ಬಿಟ್ಟು ಬಂದರೆ ಆಸ್ಪತ್ರೆಯ ಮೂಲಕ ನಂಬರ್ ಸಿಗುವ ದಾರಿ ಮುಚ್ಚುತ್ತದೆ. ಆಮೇಲೆ ರಾಜ್ಯದ ದಾಖಲೆ ಕಚೇರಿಯಲ್ಲಿ ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸಬೇಕು, ಅದು ಕೈಗೆ ಬಂದ ಮೇಲೆ ನಂಬರ್ ಕೇಳುವ ಫಾರ್ಮ್ ಎಸ್‌ಎಸ್-5 ತುಂಬಿ ಮೂಲ ಪ್ರಮಾಣಪತ್ರ, ಮಗುವಿನ ಗುರುತಿನ ದಾಖಲೆ ಮತ್ತು ತಂದೆಯ ಅಥವಾ ತಾಯಿಯ ಗುರುತಿನ ದಾಖಲೆಯೊಂದಿಗೆ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಬೇಕು. ಶುಲ್ಕವಿಲ್ಲ, ಸಮಯ ಮಾತ್ರ ಹೋಗುತ್ತದೆ. ಹೆರಿಗೆಗೆ ಮೊದಲೇ ಜನನ ಪತ್ರಕ್ಕೆ ಒಂದು ಹೆಸರು ನಿಶ್ಚಯಿಸಿಟ್ಟು, ನಕ್ಷತ್ರನಾಮವನ್ನು ತೊಟ್ಟಿಲ ಹೆಸರಾಗಿ ಕರೆಯುವುದು ಒಳ್ಳೆಯದು. ನಾಮಕರಣದಲ್ಲಿ ಬೇರೆ ಹೆಸರು ಖಚಿತವಾದರೆ ಮೊದಲು ಜನನ ಪತ್ರ, ಆಮೇಲೆ ಎಸ್‌ಎಸ್‌ಎನ್ ಕಾರ್ಡ್, ಕೊನೆಗೆ 4547. ಈ ಕ್ರಮ ತಪ್ಪಬಾರದು. ಹೆಸರು ಬದಲಾದರೂ ನಂಬರ್ ಬದಲಾಗುವುದಿಲ್ಲ.

ಇನಿಷಿಯಲ್‌ಗಳದ್ದು ಇನ್ನೊಂದು ಕಥೆ. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಇವುಗಳಲ್ಲಿ ಯಾವುದು ಕೊನೆಯ ಹೆಸರು ಎಂಬುದು ನಮ್ಮ ಪಾಸ್‌ಪೋರ್ಟ್‌ಗಳಲ್ಲೇ ಒಂದೊಂದು ರೀತಿ ಇರುತ್ತದೆ. ತಂದೆಯ ಪಾಸ್‌ಪೋರ್ಟ್‌ನಲ್ಲಿ ಹೇಗಿದೆ, ಮನೆಯಲ್ಲಿ ಹೇಗೆ ಬರೆಯುತ್ತಾರೆ ಎಂಬುದನ್ನು ಈ ಫಾರ್ಮ್ ಕೇಳುವುದಿಲ್ಲ. ಮಗುವಿನ ಎಸ್‌ಎಸ್‌ಎನ್ ಕಾರ್ಡ್ ಎದುರಿಗಿಟ್ಟುಕೊಂಡು ಅದರಲ್ಲಿರುವ ಅಕ್ಷರವನ್ನೇ ಬರೆಯಿರಿ. ಕಾರ್ಡ್‌ನಲ್ಲಿ ಒಂದೇ 'ಎ' ಇರುವಲ್ಲಿ ಫಾರ್ಮ್‌ನಲ್ಲಿ ಎರಡು 'ಎ' ಬರೆದರೂ ಹೊಂದಾಣಿಕೆ ತಪ್ಪುತ್ತದೆ. ಹುಟ್ಟಿದ ದಿನವನ್ನು ಅಮೆರಿಕದ ಕ್ರಮದಲ್ಲಿ ತಿಂಗಳು, ದಿನ, ವರ್ಷ ಎಂದೇ ಬರೆಯಬೇಕು. ಮಾರ್ಚ್ 5 ಮೇ 3 ಆಗಿಬಿಡುವುದು ಅಪರೂಪವೇನಲ್ಲ.

ಸಾವಿರ ಡಾಲರ್ ಕೇಳುವವರಿಗೆ ಆ ಮಗು ತೆರಿಗೆಯ ಭಾಷೆಯಲ್ಲಿ 'ಕ್ವಾಲಿಫೈಯಿಂಗ್ ಚೈಲ್ಡ್' ಆಗಿರಬೇಕು. ಆ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಗು ನಿಮ್ಮ ಜೊತೆ ಒಂದೇ ಮನೆಯಲ್ಲಿ ವಾಸವಾಗಿರಬೇಕೆಂಬುದು ಅದರ ಒಂದು ಷರತ್ತು. ಹುಟ್ಟಿದ ವರ್ಷಕ್ಕೆ ತೊಂದರೆಯಿಲ್ಲ: ನವೆಂಬರ್‌ನಲ್ಲಿ ಹುಟ್ಟಿ ಅಲ್ಲಿಂದ ನಿಮ್ಮ ಜೊತೆಯೇ ಇದ್ದರೆ ವರ್ಷಪೂರ್ತಿ ಇದ್ದಂತೆಯೇ ಲೆಕ್ಕ. ತೊಡಕು ಮುಂದಿನ ವರ್ಷದ್ದು. ಇಬ್ಬರೂ ದುಡಿಯುವ ಮನೆಗಳಲ್ಲಿ ಆರು ತಿಂಗಳ ಕೂಸನ್ನು ಮೈಸೂರಿಗೋ ಹುಬ್ಬಳ್ಳಿಗೋ ಅಜ್ಜಿಯ ಮಡಿಲಿಗೆ ಕಳಿಸಿ ವರ್ಷ ಕಳೆದು ಕರೆತರುವ ರೂಢಿಯಿದೆ. ರಜೆ, ಚಿಕಿತ್ಸೆ, ಓದು ಇಂಥ ತಾತ್ಕಾಲಿಕ ಗೈರುಹಾಜರಿಗೆ ವಿನಾಯಿತಿ ಇದ್ದರೂ, ಮಗುವಿನ ಆರೈಕೆಗೆಂದು ವರ್ಷದ ಬಹುಪಾಲು ದೂರವಿರಿಸಿದರೆ ಆ ವರ್ಷ ಷರತ್ತು ಪೂರೈಸಿದೆ ಎಂದು ಧೈರ್ಯವಾಗಿ ಸಹಿ ಹಾಕಲು ಬರುವುದಿಲ್ಲ. ಮಗು ಯಾವ ದೇಶದಲ್ಲಿತ್ತು ಎನ್ನುವುದಕ್ಕಿಂತ ಯಾರ ಜೊತೆ ಇತ್ತು ಎನ್ನುವುದು ಈ ಷರತ್ತಿನ ತಿರುಳು. ಆದ್ದರಿಂದ ಹುಟ್ಟಿದ ವರ್ಷದ ರಿಟರ್ನ್‌ನೊಂದಿಗೇ 4547 ಕಳಿಸಿ ಮುಗಿಸಿಬಿಡುವುದು ಸುರಕ್ಷಿತ.

ಒಂದು ಮಗುವಿಗೆ ಸಾವಿರ ಡಾಲರ್ ಒಂದೇ ಸಲ. ಜಂಟಿ ರಿಟರ್ನ್ ಆದರೆ ಒಬ್ಬರು ಸಹಿ ಮಾಡಿದರೆ ಸಾಕು. ತಾಯಿಗೆ ಐಟಿಐಎನ್, ತಂದೆಗೆ ಎಸ್‌ಎಸ್‌ಎನ್ ಇದ್ದರೆ ತಂದೆಯ ಹೆಸರಿನಲ್ಲಿ ಹೋಗುವುದು ಸಲೀಸು. ಬೇರೆ ಬೇರೆ ರಿಟರ್ನ್ ಹಾಕುವ ದಂಪತಿ ಮೊದಲೇ ಮಾತಾಡಿಕೊಂಡು ಒಬ್ಬರೇ ಕೇಳಬೇಕು.

ಫಾರ್ಮ್ ಹೋದೊಡನೆ ಕೆಲಸ ಮುಗಿಯಿತೆಂದು ಬಿಡಬೇಡಿ. ಆಮೇಲೆ ಖಾತೆಯನ್ನು ಸಕ್ರಿಯಗೊಳಿಸುವ ಹಂತವಿದೆ. ನೀವು ಯಾರೆಂಬುದನ್ನು ದೃಢೀಕರಿಸಲು ಖಜಾನೆ ಇಲಾಖೆಯ ಕಡೆಯಿಂದ ಸೂಚನೆ ಬರುತ್ತದೆ. ಫಾರ್ಮ್‌ನಲ್ಲಿ ಕೊಟ್ಟ ವಿಳಾಸ, ಇಮೇಲ್ ಚಾಲ್ತಿಯಲ್ಲಿರಬೇಕು. ಕೆಲಸ ಬದಲಾದೊಡನೆ ಕಂಪನಿಯ ಇಮೇಲ್ ಸತ್ತುಹೋಗುತ್ತದೆ, ಅದನ್ನು ಕೊಡಬೇಡಿ. ಮನೆ ಬದಲಿಸಿದರೆ ಫಾರ್ಮ್ 8822 ಕಳಿಸಿ ವಿಳಾಸ ತಿದ್ದಿಸಿ. ಈ ಸೂಚನೆಯ ಹೆಸರಿನಲ್ಲೇ ಮೋಸದ ಕರೆಗಳೂ ಬರುತ್ತವೆ. ಫಾರ್ಮ್ 4547 ಕಳಿಸಲು ಸರ್ಕಾರ ಶುಲ್ಕ ಕೇಳುವುದಿಲ್ಲ. ಫೋನಿನಲ್ಲಿ ಮಗುವಿನ ಎಸ್‌ಎಸ್‌ಎನ್ ಕೇಳಿದವರಿಗೆ ಹೇಳಲೇಬಾರದು. ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವ ಬದಲು ಜಾಲತಾಣದ ಹೆಸರನ್ನು ನೀವೇ ಟೈಪ್ ಮಾಡಿ ಒಳಹೋಗಿ.

ಹಣ ಎಲ್ಲಿರುತ್ತದೆ? ಮುಖ್ಯವಾಗಿ ಅಮೆರಿಕದ ಕಂಪನಿಗಳ ಷೇರು ಸೂಚ್ಯಂಕವನ್ನು ಅನುಸರಿಸುವ ಫಂಡ್‌ನಲ್ಲಿ. ವಾರ್ಷಿಕ ವೆಚ್ಚ ಶೇ 0.1 ಮೀರುವಂತಿಲ್ಲ. ಮಗುವಿಗೆ 18 ತುಂಬುವ ವರ್ಷದ ಜನವರಿ 1ರವರೆಗೆ ಸಾಮಾನ್ಯವಾಗಿ ತೆಗೆಯಲು ಬರುವುದಿಲ್ಲ. ವರ್ಷಕ್ಕೆ ಶೇ 7ರಂತೆ ಬೆಳೆದರೆ ಸಾವಿರ ಡಾಲರ್ 18 ವರ್ಷದಲ್ಲಿ ಸುಮಾರು 3,380 ಆಗುತ್ತದೆ. ಇದು ಗುಣಾಕಾರ ಮಾತ್ರ, ಭರವಸೆ ಅಲ್ಲ. ಷೇರು ಇಳಿದರೆ ಖಾತೆಯೂ ಇಳಿಯುತ್ತದೆ. ಕಾನೂನಿನ ಪ್ರಕಾರ ಹಣ ಜಮೆಯಾಗುವುದೇ 2026ರ ಜುಲೈ 4ರ ನಂತರ. ಮನೆಯವರು, ಬಂಧುಗಳು, ಸ್ನೇಹಿತರು ಎಲ್ಲರೂ ಸೇರಿ ವರ್ಷಕ್ಕೆ 5,000 ಡಾಲರ್‌ವರೆಗೆ ಹಾಕಬಹುದು. ಉದ್ಯೋಗದಾತರು ಹಾಕುವ 2,500 ಡಾಲರ್‌ವರೆಗಿನ ಹಣವೂ ಈ 5,000ದ ಒಳಗೇ ಬರುತ್ತದೆ. ಸರ್ಕಾರದ ಸಾವಿರ ಈ ಲೆಕ್ಕದಿಂದ ಹೊರಗೆ.

ನಮ್ಮ ಸ್ಪಷ್ಟ ಅಭಿಪ್ರಾಯ: ಸರ್ಕಾರದ ಸಾವಿರವನ್ನು ಬಿಡಬೇಡಿ, ಕಂಪನಿ ಕೊಟ್ಟರೆ ಅದನ್ನೂ ಬಿಡಬೇಡಿ. ಆದರೆ ಸ್ವಂತ ದುಡಿಮೆಯ ಹಣವನ್ನು ಮಗುವಿನ ಕಾಲೇಜಿಗೆಂದು ಕೂಡಿಡುವವರು ಮೊದಲು ಓದಿನ ಖರ್ಚಿಗೆಂದೇ ಇರುವ 529 ಪ್ಲಾನ್ ಎಂಬ ಉಳಿತಾಯ ಖಾತೆ ನೋಡಿ. ಅಲ್ಲಿ ಓದಿಗೆ ತೆಗೆದ ಲಾಭಕ್ಕೆ ಫೆಡರಲ್ ತೆರಿಗೆಯಿಲ್ಲ. ಟ್ರಂಪ್ ಅಕೌಂಟ್‌ನಲ್ಲಿ ಸರ್ಕಾರದ ಹಣ, ಕಂಪನಿಯ ಹಣ, ಬೆಳೆದ ಲಾಭ ಇವೆಲ್ಲಕ್ಕೂ ತೆಗೆಯುವಾಗ ಸಾಮಾನ್ಯ ಆದಾಯದಂತೆ ತೆರಿಗೆ ಬೀಳುತ್ತದೆ. ಹದಿನೆಂಟರ ನಂತರ ನಿವೃತ್ತಿ ಉಳಿತಾಯ ಖಾತೆಯಾದ ಟ್ರೆಡಿಷನಲ್ ಐಆರ್‌ಎ ನಿಯಮಗಳೇ ಅನ್ವಯ: ಐವತ್ತೊಂಬತ್ತೂವರೆ ವರ್ಷಕ್ಕೆ ಮುಂಚೆ ತೆಗೆದರೆ ತೆರಿಗೆಯ ಜೊತೆಗೆ ಶೇ 10ರ ದಂಡ. ಉನ್ನತ ಶಿಕ್ಷಣ, ಮೊದಲ ಮನೆಗೆ 10,000 ಡಾಲರ್‌ವರೆಗೆ ಎಂಬಂಥ ಕೆಲವು ಕಾರಣಗಳಿಗೆ ದಂಡ ಮಾತ್ರ ಇಲ್ಲ. ನೀವು ತೆರಿಗೆ ಕಟ್ಟಿ ಹಾಕಿದ ಅಸಲಿಗೆ ಮತ್ತೆ ತೆರಿಗೆ ಬೀಳಬಾರದು, ಆದ್ದರಿಂದ ಯಾವ ವರ್ಷ ಎಷ್ಟು ಹಾಕಿದಿರಿ ಎಂಬ ದಾಖಲೆಯನ್ನು ಹದಿನೆಂಟು ವರ್ಷವೂ ಜೋಪಾನವಾಗಿಡಿ.

ಊರಿನ ಅಜ್ಜ ಅಜ್ಜಿಯರಿಗೆ ಎರಡು ಮಾತು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗಳಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಲು ಬರುವುದಿಲ್ಲ. ಅದು ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಯಾದ ಹೆಣ್ಣುಮಗುವಿಗೆ ಮಾತ್ರ. ಮೊಮ್ಮಗುವಿನ ಅಮೆರಿಕದ ಖಾತೆಗೆ ಏನಾದರೂ ಸೇರಿಸುವ ಆಸೆಯಿದ್ದರೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಎಲ್‌ಆರ್‌ಎಸ್ ಮಿತಿಯೊಳಗೆ, ಅಂದರೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಒಳಗೆ, ಬ್ಯಾಂಕಿನ ಮೂಲಕ ಮಗನಿಗೋ ಮಗಳಿಗೋ ಉಡುಗೊರೆಯಾಗಿ ಕಳಿಸಿ ಅವರೇ ಹಾಕುವಂತೆ ಮಾಡುವುದು ಸರಳ. ಬೀಗರ ಕಡೆಯವರೂ ಕಳಿಸುತ್ತಿದ್ದರೆ ಮೊದಲೇ ಕೇಳಿಕೊಳ್ಳಿ, 5,000ದ ಮಿತಿ ಮಗುವಿಗೆ ಒಂದೇ. ಮೀರಿದ್ದನ್ನು ಹಿಂತೆಗೆಯುವ ತಾಪತ್ರಯ ಬೇಡ. ಕುಟುಂಬ ಮುಂದೆ ಬೆಂಗಳೂರಿಗೆ ಮರಳಿದರೂ ಖಾತೆ ಮಗುವಿನದೇ, 18ರವರೆಗೆ ಅಲ್ಲೇ ಇರುತ್ತದೆ. ಆದರೆ ಭಾರತದಲ್ಲಿ ಸಾಮಾನ್ಯ ನಿವಾಸಿಯಾದ ಮೇಲೆ ವಿದೇಶಿ ಆಸ್ತಿಯನ್ನು ಭಾರತದ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸುವ ನಿಯಮವಿದೆ. ಮರಳುವ ವರ್ಷವೇ ಈ ಖಾತೆಯ ವಿಷಯವನ್ನು ಆಡಿಟರ್ ಗಮನಕ್ಕೆ ತರಬೇಕು.

ಬ್ರಿಟನ್ನಿನಲ್ಲಿ 2002ರ ಸೆಪ್ಟೆಂಬರ್ 1ರಿಂದ 2011ರ ಜನವರಿ 2ರವರೆಗೆ ಹುಟ್ಟಿದ ಮಕ್ಕಳಿಗೆ ಚೈಲ್ಡ್ ಟ್ರಸ್ಟ್ ಫಂಡ್ ಇತ್ತು. ತಂದೆ ತಾಯಿ ಏನೂ ಮಾಡದಿದ್ದರೆ ಅಲ್ಲಿನ ಸರ್ಕಾರವೇ ಖಾತೆ ತೆರೆದುಬಿಡುತ್ತಿತ್ತು. ಹಾಗಿದ್ದೂ 18 ತುಂಬಿದ 6.7 ಲಕ್ಷಕ್ಕೂ ಹೆಚ್ಚು ಯುವಜನರ ಖಾತೆಗಳು, ಸರಾಸರಿ ಸುಮಾರು 2,200 ಪೌಂಡ್‌ನಂತೆ, ಯಾರೂ ಕೇಳದೆ ಬಿದ್ದಿವೆ ಎಂದು 2024ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಹೇಳಿತು. ಅಮೆರಿಕದಲ್ಲಂತೂ ಕೇಳದವರ ಪರವಾಗಿ ಬೇರೆ ಯಾರೋ ಫಾರ್ಮ್ ತುಂಬುತ್ತಾರೆಂದು ಕಾಯುತ್ತ ಕೂರುವಂತಿಲ್ಲ.

ರಿಟರ್ನ್ ಸಲ್ಲಿಸುವ ಕಾಲ ಸಂಕ್ರಾಂತಿ ಕಳೆದ ಮೇಲೆ ಶುರುವಾಗಿ ಏಪ್ರಿಲ್ 15ಕ್ಕೆ ಮುಗಿಯುತ್ತದೆ. ನಡುವೆ ಯುಗಾದಿ ಬರುತ್ತದೆ. ಅಮೆರಿಕದ ಊರೂರಿನ ಕನ್ನಡ ಕೂಟಗಳು ಈ ಹಬ್ಬಗಳ ಕಾರ್ಯಕ್ರಮಕ್ಕೆ ನೂರಾರು ಎಳೆಯ ಕುಟುಂಬಗಳನ್ನು ಒಂದೇ ಸಭಾಂಗಣಕ್ಕೆ ಕರೆತರುತ್ತವೆ. ಊಟದ ಸಾಲಿನ ಪಕ್ಕದಲ್ಲಿ ಒಂದು ಮೇಜು ಹಾಕಿ, ತೆರಿಗೆ ತಿಳಿದ ಇಬ್ಬರು ಸದಸ್ಯರನ್ನು ಕೂರಿಸಿ ಎಂದು ಕೂಟಗಳ ಪದಾಧಿಕಾರಿಗಳನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಅಲ್ಲಿ ಯಾರ ನಂಬರನ್ನೂ ಬರೆದುಕೊಳ್ಳಬಾರದು, ಫಾರ್ಮ್ ಅನ್ನು ತಂದೆ ತಾಯಿ ತಮ್ಮ ಫೋನಿನಲ್ಲೋ ಮನೆಯಲ್ಲೋ ತಾವೇ ತುಂಬಲಿ. ಮೇಜಿನವರು ತೋರಿಸಬೇಕಾದದ್ದು ಇಷ್ಟೇ: ಖಾತೆಗೆ ಯಾವ ಮಗು ಅರ್ಹ, ಸಾವಿರಕ್ಕೆ ಯಾವ ಮಗು ಅರ್ಹ, ಆ ಚೌಕ ಎಲ್ಲಿದೆ. ಬರುವವರು ಮಗುವಿನ ಎಸ್‌ಎಸ್‌ಎನ್ ಕಾರ್ಡ್‌ನಲ್ಲಿ ಹೆಸರು ಹೇಗಿದೆಯೆಂದು ನೋಡಿಕೊಂಡು ಬಂದರೆ ಸಾಕು, ಕಾರ್ಡ್ ಮನೆಯಲ್ಲೇ ಇರಲಿ.

ಇಂತಿ,
ಅಮೆರಿಕದ ತೆರಿಗೆ ಫಾರ್ಮ್‌ಗಳ ಕೆಲಸ ಬಲ್ಲ ಕೆಲವು ಕನ್ನಡಿಗ ಓದುಗರು
ನ್ಯೂಜೆರ್ಸಿ