ಆ ಹತ್ತನೆಯವನು ನಾನೇ ಅಂತ ಎಲ್ಲರಿಗೂ ಅನ್ನಿಸುತ್ತೆ

ಮಾನ್ಯ ಸಂಪಾದಕರೇ,

ಷೇರು, ಸೂಚ್ಯಂಕಗಳ ಬೆಲೆ ಮುಂದೆ ಏರುತ್ತೋ ಇಳಿಯುತ್ತೋ ಅಂತ ಪಣ ಕಟ್ಟುವ ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ ದುಡ್ಡು ಕಳೆದುಕೊಂಡವರ ಸುದ್ದಿ ಬಂದಾಗಲೆಲ್ಲ ನಮ್ಮ ಜನ ಹೇಳುವುದು ಎರಡೇ ಮಾತು. ಒಂದೋ ದುರಾಸೆ, ಇಲ್ಲಾಂದ್ರೆ ತಿಳಿವಳಿಕೆ ಸಾಲದು. ಅಷ್ಟೇ ಆಗಿದ್ದರೆ ಒಂದು ಸಲ ಪೆಟ್ಟು ತಿಂದವರು ಸುಮ್ಮನಾಗಬೇಕಿತ್ತು, ಅಲ್ವಾ? ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಲೆಕ್ಕ ಬೇರೆಯೇ ಹೇಳುತ್ತದೆ. ಮೂರು ವರ್ಷದಲ್ಲಿ ಇದಕ್ಕೆ ಕೈ ಹಾಕಿದ ಒಂದು ಕೋಟಿಗೂ ಹೆಚ್ಚು ಸಣ್ಣ ವಹಿವಾಟುದಾರರಲ್ಲಿ ಶೇ 93 ಮಂದಿ ಸೋತಿದ್ದಾರೆ, ಎಲ್ಲ ಸೇರಿ ಹೋದದ್ದು ₹1.8 ಲಕ್ಷ ಕೋಟಿಗೂ ಜಾಸ್ತಿ. ವರ್ಷದ ಮೇಲೆ ವರ್ಷ ಸೋತರೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಬಿಟ್ಟು ಹೋಗಿಲ್ಲ.

ಯಾಕೆ ಬಿಡುವುದಿಲ್ಲ ಅನ್ನೋದಕ್ಕೆ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಉತ್ತರ ಕೊಟ್ಟಿದ್ದರು. ಖಂಡಿತ 3,000 ಸಿಗುತ್ತೆ, ಇಲ್ಲವೇ 4,000 ಸಿಗುವ ಸಾಧ್ಯತೆ ಶೇ 80, ಯಾವುದು ಬೇಕು ಅಂದರೆ ನೂರಕ್ಕೆ 80 ಜನ ಖಂಡಿತ ಸಿಗುವುದನ್ನೇ ಆರಿಸಿಕೊಂಡರು. ಅದೇ ಪ್ರಶ್ನೆಯನ್ನು ತಿರುಗಿಸಿ, 3,000 ಖಂಡಿತ ಹೋಗುತ್ತೆ, ಇಲ್ಲವೇ 4,000 ಹೋಗುವ ಸಾಧ್ಯತೆ ಶೇ 80 ಅಂದಾಗ 92 ಜನ ಜೂಜಿಗೇ ಇಳಿದರು. ಲೆಕ್ಕ ಹಾಕಿದರೆ ಅಲ್ಲಿ ನಷ್ಟ ಸರಾಸರಿ 3,200. ಆದರೂ ಏನೂ ಹೋಗದೇ ಇರಬಹುದು ಅನ್ನುವ ಆ ಶೇ 20ರ ಆಸೆ ಇದೆಯಲ್ಲ, ಅದು ಬಿಡುವುದಿಲ್ಲ.

ಎಕ್ಸ್‌ಪೈರಿ ದಿನ, ಅಂದರೆ ಆಪ್ಷನ್‌ನ ಅವಧಿ ಮುಗಿಯುವ ದಿನ, ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮೊಬೈಲ್ ಹಿಡಿದು ಕೂತ ಯಾವ ಹುಡುಗನನ್ನಾದರೂ ನೋಡಿ. ಎಂಬತ್ತು ರೂಪಾಯಿಗೆ ಕೊಂಡ ಆಪ್ಷನ್ ಮೂವತ್ತಕ್ಕೆ ಇಳಿದಿರುತ್ತದೆ. ಮಾರಿದರೆ ಸೋತೆ ಅಂತ ಒಪ್ಪಿಕೊಂಡ ಹಾಗೆ. ಅದಕ್ಕೇ ಬೆಲೆ ಇಷ್ಟಕ್ಕಿಳಿದರೆ ತಾನಾಗೇ ಮಾರಿಬಿಡುವ ಸ್ಟಾಪ್ ಲಾಸ್ ತೆಗೆದುಹಾಕಿ, ಕಡಿಮೆ ಬೆಲೆಗೆ ಇನ್ನೊಂದು ಲಾಟ್ (ಕಂತೆ) ಕೊಂಡು, ಕೊಂಡ ಬೆಲೆಯ ಸರಾಸರಿ ಇಳಿಸುತ್ತಾನೆ. ಪೇಟೆ ಮುಚ್ಚುವ ಮೂರೂವರೆಗೆ ಎರಡೂ ಸೊನ್ನೆ. ಕಳೆದದ್ದು ವಾಪಸ್ ಬಂದರೆ ಸಾಕು, ಮತ್ತೆ ಈ ಕಡೆ ತಲೆ ಹಾಕಲ್ಲ ಅನ್ನುತ್ತಾನೆ. ಇಸ್ಪೀಟ್ ಎಲೆ ಹಿಡಿದವರೂ ಇದನ್ನೇ ಹೇಳುತ್ತಿದ್ದರು.

ಸೆಬಿ ಕೈಕಟ್ಟಿ ಕೂತಿಲ್ಲ, ನಿಜ. ವಾರದ ಎಕ್ಸ್‌ಪೈರಿಗಳನ್ನು ಕಡಿಮೆ ಮಾಡಿತು, ಕಾಂಟ್ರಾಕ್ಟ್‌ನ ಗಾತ್ರ ಏರಿಸಿತು. ಆದರೂ 2024–25ರಲ್ಲಿ ಸೋತವರು ಶೇ 91! ಹತ್ತರಲ್ಲಿ ಒಂಬತ್ತು ಮಂದಿ ನಷ್ಟ ಮಾಡಿಕೊಳ್ಳುತ್ತಾರೆ ಎಂಬ ಎಚ್ಚರಿಕೆ 2023ರ ಜುಲೈನಿಂದ ಬ್ರೋಕರ್ ಆ್ಯಪ್‌ಗೆ ಲಾಗಿನ್ ಆದ ಕೂಡಲೇ ಬರುತ್ತದೆ. ಯಾರು ಓದುತ್ತಾರೆ? ಓದಿದರೂ ಆ ಒಂಬತ್ತು ಮಂದಿ ಬೇರೆ ಯಾರೋ, ಹತ್ತನೆಯವನು ತಾನು ಅಂತಲೇ ಎಲ್ಲರ ನಂಬಿಕೆ.

ಹಾಗಾಗಿ ನನ್ನ ಸಲಹೆ ಇಷ್ಟೇ. ಆ ಎಚ್ಚರಿಕೆಯ ಜಾಗದಲ್ಲಿ ಊರವರ ಲೆಕ್ಕ ಬೇಡ, ವಹಿವಾಟು ಮಾಡುವವನದೇ ಲೆಕ್ಕ ತೋರಿಸಲಿ. ಖಾತೆ ತೆರೆದ ದಿನದಿಂದ ಇವತ್ತಿನವರೆಗೆ, ಬ್ರೋಕರೇಜ್, ತೆರಿಗೆ ಎಲ್ಲ ಕಳೆದು ನಿವ್ವಳ ಎಷ್ಟು ಹೋಗಿದೆ ಅಂತ ದಪ್ಪ ಅಕ್ಷರದಲ್ಲಿ, ಮೊದಲ ಆರ್ಡರ್ ಹಾಕುವ ಮುಂಚೆ. ಇದು ಕಷ್ಟದ ಕೆಲಸವೇನಲ್ಲ. ಆದಾಯ ತೆರಿಗೆ ರಿಟರ್ನ್ಸ್ ಹೊತ್ತಿಗೆ ಇದೇ ಬ್ರೋಕರ್‌ಗಳು ಲಾಭ-ನಷ್ಟದ ಪಟ್ಟಿಯನ್ನು ಪೈಸೆ ಸಮೇತ ಕೊಡುತ್ತಾರಲ್ಲ.

ಇತಿ,
ನಿಮ್ಮ ಓದುಗ, ತುಮಕೂರು